ಅಡ್ವಾನ್ಸ್ ಎರಡೇ ತಿಂಗಳದ್ದಂತೆ, ನಿಜವೇ? ಬಾಡಿಗೆ ಕಾನೂನು, ಪಿಜಿ ಮತ್ತು ವಿದ್ಯಾರ್ಥಿಗಳ ಪಾಡು

2025ರ ಕೊನೆಯ ತಿಂಗಳುಗಳಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ರೀಲ್‌ಗಳಲ್ಲಿ, ಕೆಲವು ಸುದ್ದಿತಾಣಗಳಲ್ಲೂ ಒಂದು ಸುದ್ದಿ ಓಡಾಡಿತು. ದೇಶದಾದ್ಯಂತ ಹೊಸ ಬಾಡಿಗೆ ನಿಯಮ ಬಂದಿದೆ, ಇನ್ನು ಮನೆ ಮಾಲೀಕರು ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ, ಕರಾರು ಪತ್ರವನ್ನು ಎರಡು ತಿಂಗಳೊಳಗೆ ನೋಂದಾಯಿಸದಿದ್ದರೆ ದಂಡ ಬೀಳುತ್ತದೆ ಎಂಬುದು ಅದರ ತಿರುಳು. ಸಾಲಸೋಲ ಮಾಡಿ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿ ಮಕ್ಕಳನ್ನು ಬೆಂಗಳೂರಿಗೆ ಓದಲು ಬಿಟ್ಟ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಸಿಹಿಯಾದ ಸುದ್ದಿ ಬೇರೆ ಏನಿದ್ದೀತು?

ಆದರೆ ಆ ಸುದ್ದಿಯನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಓನರ್ ಮುಂದೆ ನಿಂತರೆ, 'ಅದೆಲ್ಲ ನಮ್ಮ ಕಡೆ ಬಂದಿಲ್ಲಪ್ಪ' ಎಂಬ ಉತ್ತರ ಬರುತ್ತದೆ. ಬೇಸರದ ಸಂಗತಿ ಎಂದರೆ, ಈ ಒಂದು ವಿಷಯದಲ್ಲಿ ಓನರ್ ಹೇಳುವುದೇ ಸರಿ.

ಸುದ್ದಿಯ ಬೇರು

ಹರಿದಾಡಿದ ಅಂಶಗಳಲ್ಲಿ ಬಹುಪಾಲು ಹೊಸದಲ್ಲ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿಗೆ ಕೊಟ್ಟ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇವು ಇವೆ. ವಾಸದ ಮನೆಗೆ ಗರಿಷ್ಠ ಎರಡು ತಿಂಗಳ ಅಡ್ವಾನ್ಸ್, ಲಿಖಿತ ಕರಾರು ಕಡ್ಡಾಯ, ಅದರ ಮಾಹಿತಿಯನ್ನು ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ಸಲ್ಲಿಸಬೇಕು, ಮಾಲೀಕರು ಮನೆಯೊಳಗೆ ಬರಬೇಕಾದರೆ 24 ಗಂಟೆ ಮೊದಲು ತಿಳಿಸಬೇಕು, ನೀರು ಕರೆಂಟು ಕಡಿಯುವಂತಿಲ್ಲ. ವ್ಯಾಜ್ಯ ತೀರಿಸಲು ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ, ನ್ಯಾಯಮಂಡಳಿ ಎಂಬ ಮೂರು ಮೆಟ್ಟಿಲೂ ಅದರಲ್ಲಿದೆ.

ತೊಡಕು ಇರುವುದು 'ಮಾದರಿ' ಎಂಬ ಪದದಲ್ಲಿ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 18ನೇ ನಮೂದು ಭೂಮಿಗೆ ಸಂಬಂಧಿಸಿದ್ದು. ಒಡೆಯ ಮತ್ತು ಬಾಡಿಗೆದಾರರ ಸಂಬಂಧ ಅದರೊಳಗೇ ಬರುತ್ತದೆ. ಅಂದರೆ ಇಲ್ಲಿ ಕಾನೂನು ಮಾಡಬೇಕಾದ್ದು ರಾಜ್ಯ. ದೆಹಲಿ ಒಂದು ಕರಡು ಬರೆದು, ಬೇಕಾದರೆ ಇದನ್ನು ಅಳವಡಿಸಿಕೊಳ್ಳಿ ಎನ್ನಬಹುದು, ಅಷ್ಟೇ. ತಮಿಳುನಾಡು, ಆಂಧ್ರಪ್ರದೇಶ, ಉತ್ತರಪ್ರದೇಶ, ಅಸ್ಸಾಂ ತಮ್ಮ ಕಾನೂನುಗಳನ್ನು ಈ ದಿಕ್ಕಿಗೆ ಹೊಂದಿಸಿಕೊಂಡವು. ಕರ್ನಾಟಕ ಆ ಸಾಲಿಗೆ ಸೇರಲಿಲ್ಲ.

ವಾಟ್ಸ್‌ಆ್ಯಪ್ ಸುದ್ದಿ ಓಡಾಡಿದ ಹೊತ್ತಿಗೇ ರಾಜ್ಯದಲ್ಲಿ ಬಾಡಿಗೆ ಕಾಯ್ದೆಯ ಶಿಕ್ಷೆಯ ಕಲಂಗಳನ್ನು ತಿದ್ದುವ ಮಸೂದೆಯೂ ಬಂತು. ಜೈಲು ಶಿಕ್ಷೆ ಕೈಬಿಟ್ಟು ದಂಡ ಏರಿಸುವುದು ಅದರ ಉದ್ದೇಶ. ಎರಡು ಸುದ್ದಿಗಳು ಒಂದೇ ಋತುವಿನಲ್ಲಿ ಬಂದು ಕಲಸುಮೇಲೋಗರವಾದವು. ದಂಡ ಏರಿಸುವ ಮಸೂದೆಯನ್ನು ಜನ ಅಡ್ವಾನ್ಸ್ ಇಳಿಸುವ ಕಾನೂನು ಎಂದುಕೊಂಡರು.

3,500 ರೂಪಾಯಿಯ ಗೆರೆ

ಹಾಗಾದರೆ ನಮ್ಮಲ್ಲಿ ಬಾಡಿಗೆ ಕಾನೂನೇ ಇಲ್ಲವೇ? ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999. ಜಾರಿಗೆ ಬಂದದ್ದು 2001ರ ಡಿಸೆಂಬರ್ ಕೊನೆಗೆ. ಹೆಸರು ಕೇಳಿದರೆ ಎಲ್ಲ ಬಾಡಿಗೆ ಮನೆಗಳಿಗೂ ಅನ್ವಯಿಸುತ್ತದೆ ಅನ್ನಿಸುತ್ತದೆ. ಆದರೆ ಕಾಯ್ದೆಯ ಬಾಗಿಲಲ್ಲೇ ಒಂದು ಗೆರೆ ಎಳೆದಿದ್ದಾರೆ: ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಮನೆ ಈ ಕಾಯ್ದೆಯ ಹೊರಗೆ.

ಇಪ್ಪತ್ತೈದು ವರ್ಷಗಳ ಹಿಂದೆ ಈ ಗೆರೆಯೊಳಗೆ ಮಧ್ಯಮ ವರ್ಗದ ಎಷ್ಟೋ ಮನೆಗಳು ಸೇರುತ್ತಿದ್ದವು. ಇಂದು ಬೆಂಗಳೂರಿನ ವಿಜಯನಗರ, ಅತ್ತಿಗುಪ್ಪೆಯ ಸುತ್ತ ಕೆಎಎಸ್ ಕೋಚಿಂಗಿಗೆ ಬಂದ ಹುಡುಗನಿಗೆ 3,500ಕ್ಕೆ ಮನೆ ಹಾಗಿರಲಿ, ಕೋಣೆಯಲ್ಲೊಂದು ಮಂಚ ಸಿಗುವುದೂ ಕಷ್ಟ. ಬಾಡಿಗೆ ಏರಿತು, ಗೆರೆ ಅಲ್ಲೇ ನಿಂತಿತು. ಯಾರನ್ನು ಕಾಯಬೇಕೆಂದು ಕಾಯ್ದೆ ಬಂತೋ ಅವರೇ ಒಬ್ಬೊಬ್ಬರಾಗಿ ಅದರಿಂದ ಹೊರಗೆ ಜಾರಿದರು. ಯಾವ ಸರ್ಕಾರವೂ ಅವರನ್ನು ದೂಡಲಿಲ್ಲ. ಹಣದುಬ್ಬರವೇ ಆ ಕೆಲಸ ಮಾಡಿತು.

ಹೊರಗೆ ಜಾರಿದವರಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಸಿಪಾಯಿ ದಂಗೆ ಮುಗಿದು ಕಾಲು ಶತಮಾನಕ್ಕೆ ಬರೆದದ್ದು. ಹಳೆಯದಾದರೂ ಅದರಲ್ಲಿ ಬಾಡಿಗೆದಾರರಿಗೆ ಕೆಲಸಕ್ಕೆ ಬರುವ ಮಾತುಗಳಿವೆ. 106ನೇ ಕಲಂ ಪ್ರಕಾರ ತಿಂಗಳ ಬಾಡಿಗೆಯ ಮನೆ ಖಾಲಿ ಮಾಡಿಸಲು 15 ದಿನದ ನೋಟಿಸ್ ಬೇಕು. 108ನೇ ಕಲಂ ಪ್ರಕಾರ ಮಾಲೀಕರು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಬಿಟ್ಟುಹೋಗುವಾಗ ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು ನಿಜ, ಆದರೆ ಸಹಜ ಬಳಕೆಯಿಂದಾದ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ.

ಎಲ್ಲ ಸರಿ. ಆದರೆ ಈ ಕಲಂಗಳ ತಲೆಬರಹದಲ್ಲೇ ಒಂದು ಷರತ್ತಿದೆ: ಬೇರೆ ಕರಾರು ಇಲ್ಲದಿದ್ದರೆ ಮಾತ್ರ. ಕರಾರು ಪತ್ರದಲ್ಲಿ 'ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಮುರಿದುಕೊಳ್ಳಲಾಗುವುದು' ಎಂದು ಬರೆದಿದ್ದರೆ 108ನೇ ಕಲಂ ನೆರವಿಗೆ ಬರುವುದು ಕಷ್ಟ. ಅಲ್ಲಿಗೆ ಬಾಡಿಗೆದಾರರ ನಿಜವಾದ ಕಾನೂನು ಎಂದರೆ ಟೈಪಿಂಗ್ ಅಂಗಡಿಯವನ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಬಿದ್ದಿರುವ, ಹೆಸರು ಮತ್ತು ಮೊತ್ತ ಬದಲಿಸಿ ಮುದ್ರಿಸಿ ಕೊಡುವ ಎರಡು ಪುಟದ ಕರಾರು. ಅದನ್ನು ಓದದೆ ಸಹಿ ಹಾಕುವವರೇ ಹೆಚ್ಚು. ಪಿಯುಸಿ ಓದುವವರಂತೂ ಸಹಿ ಹಾಕಿಯೂ ಪ್ರಯೋಜನವಿಲ್ಲ. 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ, ಅಪ್ಪನೋ ಅಮ್ಮನೋ ಮಾಡಬೇಕು.

ಹನ್ನೊಂದು ತಿಂಗಳ ಗುಟ್ಟೂ ಇಲ್ಲೇ ಇದೆ. ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಡಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳಿಗೆ ನಿಲ್ಲಿಸುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಛಾಪಾ ಕಾಗದದ ಮೌಲ್ಯ ಕಡಿಮೆಯಾಗಿದ್ದರೆ ಮುಂದೆ ಕೋರ್ಟಿನಲ್ಲಿ ಆ ಪತ್ರವನ್ನು ಸಾಕ್ಷಿಯಾಗಿ ಒಪ್ಪುವ ಮುನ್ನ ಬಾಕಿ ಸುಂಕದ ಜೊತೆ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ. ಆಗ ಇನ್ನೂರು ರೂಪಾಯಿ ಉಳಿಸಿದ ಜಾಣತನ ತುಟ್ಟಿಯಾಗುತ್ತದೆ.

ಬಾಡಿಗೆದಾರರೋ, ಪಿಜಿಯವರೋ

ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಮನೆಯನ್ನು ಬಾಡಿಗೆಗೆ ಪಡೆಯುವುದೇ ಇಲ್ಲ. ಪಿಜಿಯಲ್ಲಿ ಎರಡು, ಮೂರು, ನಾಲ್ಕು ಷೇರಿಂಗ್‌ನಲ್ಲಿ ಒಂದು ಮಂಚ ಹಿಡಿಯುತ್ತಾರೆ. ಇಲ್ಲಿ ಕಾನೂನಿನ ದಾರಿಯೇ ಕವಲೊಡೆಯುತ್ತದೆ.

ಮನೆಗೆ ಬೀಗ ಹಾಕಿಕೊಂಡು, ಮಾಲೀಕರನ್ನೂ ಹೊರಗೆ ನಿಲ್ಲಿಸುವ ಹಕ್ಕು ಇದ್ದವರು ಬಾಡಿಗೆದಾರರು. ಈ 'ಪೂರ್ಣ ಸ್ವಾಧೀನ'ವನ್ನು ಮುಖ್ಯ ಒರೆಗಲ್ಲಾಗಿ ಸುಪ್ರೀಂ ಕೋರ್ಟ್ 1959ರಷ್ಟು ಹಿಂದೆಯೇ ಇಟ್ಟುಕೊಂಡಿತು. ಪಿಜಿಯಲ್ಲಿ ಕೋಣೆಯ ಇನ್ನೊಂದು ಕೀ ವಾರ್ಡನ್ ಹತ್ತಿರ ಇರುತ್ತದೆ, ಪಕ್ಕದ ಮಂಚಕ್ಕೆ ಯಾರು ಬರಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಹಾಗಾಗಿ ಪಿಜಿಯಲ್ಲಿರುವವರಿಗೆ ಇರುವುದು ಸಾಮಾನ್ಯವಾಗಿ ಬರೀ ಅನುಮತಿ, ಕಾನೂನಿನ ಮಾತಿನಲ್ಲಿ ಲೈಸೆನ್ಸ್. ಅದಕ್ಕೆ ಅನ್ವಯಿಸುವುದು 1882ರದೇ ಇನ್ನೊಂದು ಕಾಯ್ದೆ, ಬೇರೆಯವರ ಆಸ್ತಿಯನ್ನು ಬಳಸಿಕೊಳ್ಳುವ ಅನುಭೋಗ ಹಕ್ಕುಗಳದ್ದು.

ವ್ಯತ್ಯಾಸ ಬರೀ ಹೆಸರಿನದ್ದಲ್ಲ. ಬಾಡಿಗೆದಾರರನ್ನು ಕೋರ್ಟಿನ ಆದೇಶವಿಲ್ಲದೆ, ಬೀಗ ಬದಲಿಸಿ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಪಿಜಿಯವರಿಗೆ 15 ದಿನದ ನೋಟಿಸಿನ ಕಲಂ ಇಲ್ಲ. ಅನುಮತಿ ಹಿಂಪಡೆದರೆ ಸಾಮಾನು ಸಾಗಿಸಿಕೊಳ್ಳಲು ನ್ಯಾಯವಾದ ಕಾಲಾವಕಾಶ ಕೊಡಬೇಕು, ಅಷ್ಟೇ. ಹಣ ಪಡೆದು ಅವಧಿಗೆ ಮುನ್ನ ತಪ್ಪಿಲ್ಲದೆ ಹೊರಹಾಕಿದರೆ ಪರಿಹಾರ ಕೇಳುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ವಾರ್ಡನ್‌ಗಳಿಗೆ ಅದು ಗೊತ್ತಿರುವುದು ಅಪರೂಪ.

ಪಿಜಿಗೆ ಇನ್ನೊಂದು ಮಗ್ಗುಲಿದೆ. ಎಷ್ಟೋ ಕಡೆ ಪಿಜಿ ನಡೆಸುವವರೇ ಬಾಡಿಗೆದಾರರು. ಕಟ್ಟಡ ಬೇರೆಯವರದ್ದು; ಇವರು ಅದನ್ನು ಪೂರ್ತಿಯಾಗಿ ಹಿಡಿದು, ಮಂಚ ಹಾಕಿಸಿ, ಅಡುಗೆಯವರನ್ನಿಟ್ಟು ನಡೆಸುತ್ತಾರೆ. ಮಂಚಗಳು ತುಂಬದಿದ್ದರೆ ಕಟ್ಟಡದ ಬಾಡಿಗೆ ಬಾಕಿ ಬೀಳುತ್ತದೆ. ಬಾಕಿ ಬೆಳೆದಾಗ ಕಟ್ಟಡದ ಯಜಮಾನರು ಗೇಟಿಗೆ ಬೀಗ ಹಾಕುತ್ತಾರೆ, ಇಲ್ಲವೇ ನಡೆಸುವವರು ಫೋನ್ ಸ್ವಿಚ್ ಆಫ್ ಮಾಡಿ ಮಾಯವಾಗುತ್ತಾರೆ. ಆಗ ವಿದ್ಯಾರ್ಥಿಗಳು ಅಡ್ವಾನ್ಸ್ ಯಾರನ್ನು ಕೇಳಬೇಕು? ಯಜಮಾನರಿಗೂ ಇವರಿಗೂ ಕರಾರೇ ಇಲ್ಲ. ಯಾರೊಂದಿಗೆ ಕರಾರು ಇತ್ತೋ ಅವರ ಪೂರ್ತಿ ಹೆಸರೂ ರಸೀದಿಯಲ್ಲಿ ಇರುವುದಿಲ್ಲ, ಫೋನ್‌ಪೇಯಲ್ಲಿ ಕಾಣುವ ಒಂದು ಹೆಸರಷ್ಟೇ ಸಾಕ್ಷಿ.

ಹತ್ತು ತಿಂಗಳ ಸರಪಳಿ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಹೊರ ರಾಜ್ಯದವರಿಗೆಲ್ಲ ಅಚ್ಚರಿ. ಈಚೆಗೆ ಅದು ಹಲವೆಡೆ ಆರಕ್ಕೆ, ಐದಕ್ಕೆ, ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಮೂರಕ್ಕೂ ಇಳಿದಿದೆ. ಆದರೂ ಮಾಲೀಕರು ಇದನ್ನು ಬಿಡಲು ಯಾಕೆ ಒಪ್ಪುವುದಿಲ್ಲ? ಬಡ್ಡಿಗಾಗಿ ಎಂಬುದು ಸಾಮಾನ್ಯ ಉತ್ತರ. ಲೆಕ್ಕ ಹಾಕಿ ನೋಡೋಣ. ಬಾಡಿಗೆ 15,000 ಇದ್ದರೆ ಹತ್ತು ತಿಂಗಳ ಅಡ್ವಾನ್ಸ್ 1,50,000. ಎರಡು ತಿಂಗಳದ್ದು 30,000. ನಡುವಿನ 1,20,000ಕ್ಕೆ ಶೇ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 8,400, ತಿಂಗಳಿಗೆ 700 ರೂಪಾಯಿ. ಬಡ್ಡಿಯೊಂದೇ ಕಾರಣವಾಗಿದ್ದರೆ ಬಾಡಿಗೆಯನ್ನು 700 ಏರಿಸಿ ವಿಷಯ ಮುಗಿಸಬಹುದಿತ್ತು.

ಅಡ್ವಾನ್ಸಿನ ನಿಜವಾದ ಬೆಲೆ ಅದು ಕೊಡುವ ಹಿಡಿತದಲ್ಲಿದೆ. ಬಾಡಿಗೆದಾರರು ತಕರಾರು ತೆಗೆದರೆ, ಬಾಡಿಗೆ ನಿಲ್ಲಿಸಿದರೆ, ಗೋಡೆ ಕೆಡಿಸಿದರೆ ಮಾಲೀಕರು ಕೋರ್ಟಿಗೆ ಹೋಗಬೇಕಿಲ್ಲ. ಹಣ ಅವರ ಕೈಯಲ್ಲೇ ಇದೆ. ಕೋರ್ಟಿಗೆ ಹೋಗಬೇಕಾದವರು ಬಾಡಿಗೆದಾರರು. ಅವರು ವಿದ್ಯಾರ್ಥಿಗಳಾದರೆ ಕೊನೆಯ ಪರೀಕ್ಷೆ ಮುಗಿಸಿ ಬಳ್ಳಾರಿಗೋ ಬೀದರಿಗೋ ಹೊರಟುನಿಂತಿರುತ್ತಾರೆ. ಇಪ್ಪತ್ತು ಸಾವಿರಕ್ಕಾಗಿ ಬೆಂಗಳೂರಿನ ಕೋರ್ಟಿಗೆ ವಾಯಿದೆ ವಾಯಿದೆಗೂ ಬಂದು ನಿಲ್ಲುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಬಾಕಿ ವಸೂಲಿಗೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಮೂರು ವರ್ಷ ಕೊಡುತ್ತದೆ ನಿಜ, ಆದರೆ ಆ ಹುಡುಗ ಹುಡುಗಿಯರ ಬಳಿ ಮೂರು ವಾರವೂ ಇರುವುದಿಲ್ಲ. ಜಗಳಗಂಟ ಓನರ್ ಎಂದು ನಾವು ಕರೆಯುವ ಎಷ್ಟೋ ಮಂದಿ ಹುಟ್ಟಾ ಜಗಳಗಂಟರಲ್ಲ; ಹಣವೂ ಕಾಲವೂ ತಮ್ಮ ಕಡೆಗಿದೆ ಎಂದು ಗೊತ್ತಿದ್ದವರು.

ಅಡ್ವಾನ್ಸ್ ಕೇಳಿದಾಗ ಬರುವ 'ಹೊಸಬರು ಬರಲಿ, ಕೊಡ್ತೀನಿ' ಎಂಬ ಮಾತಿನಲ್ಲೂ ಒಂದು ಆರ್ಥಿಕತೆ ಅಡಗಿದೆ. ಹಿಂದಿನವರ ಅಡ್ವಾನ್ಸ್ ಮಗಳ ಮದುವೆಗೋ ಮೇಲಿನ ಮಹಡಿಗೋ ಖರ್ಚಾಗಿದೆ. ಅದನ್ನು ತೀರಿಸುವುದು ಮುಂದೆ ಬರುವವರ ಅಡ್ವಾನ್ಸ್. ಪ್ರತಿ ಬಾಡಿಗೆದಾರರೂ ತಮ್ಮ ಹಿಂದಿನವರ ಸಾಲ ತೀರಿಸುತ್ತಾ ಹೋಗುವ ಸರಪಳಿ ಇದು. ಈಗ ಕಾನೂನು ಬಂದು ಇದ್ದಕ್ಕಿದ್ದಂತೆ ಎರಡು ತಿಂಗಳ ಮಿತಿ ಹಾಕಿತು ಎನ್ನಿ. ಹೊಸಬರಿಂದ ಬರುವುದು 30,000, ಹಳಬರಿಗೆ ಕೊಡಬೇಕಾದ್ದು 1,50,000. ಉಳಿದ ಒಂದು ಲಕ್ಷ ಇಪ್ಪತ್ತು ಸಾವಿರ ಎಲ್ಲಿಂದ? ಮಿತಿ ಹಾಕಿದ ಮೊದಲ ವರ್ಷಗಳಲ್ಲಿ ಅಡ್ವಾನ್ಸ್ ವಾಪಸಿನ ಜಗಳಗಳು ಕಡಿಮೆಯಾಗುವ ಬದಲು ಹೆಚ್ಚುವ ಸಾಧ್ಯತೆಯೇ ದೊಡ್ಡದು. ಹೊಸ ನಿಯಮ ಬೇಕು ಎನ್ನುವವರು ಈ ಸಂಧಿಕಾಲಕ್ಕೆ ಏನು ಏರ್ಪಾಡು ಎಂಬುದನ್ನೂ ಕೇಳಬೇಕು.

ಮಾಲೀಕರ ವಾದದ ಹುರುಳು

ಮಾಲೀಕರೆಲ್ಲ ಶ್ರೀಮಂತರಲ್ಲ. ನಿವೃತ್ತಿಯ ಹಣದಲ್ಲಿ ಮೇಲೆರಡು ಮನೆ ಕಟ್ಟಿಸಿ, ಆ ಬಾಡಿಗೆಯಲ್ಲೇ ಔಷಧಿ, ದಿನಸಿ ನಡೆಸುವವರು ಮೈಸೂರಿನ ಸರಸ್ವತಿಪುರಂನಲ್ಲೂ ಧಾರವಾಡದ ಸಪ್ತಾಪುರದಲ್ಲೂ ಇದ್ದಾರೆ. ಬಾಡಿಗೆದಾರರು ಖಾಲಿ ಮಾಡುವುದಿಲ್ಲ ಎಂದು ಕೂತರೆ ಬಿಡಿಸಲು ಸಿವಿಲ್ ಕೋರ್ಟಿನಲ್ಲಿ ವರ್ಷಗಳು ಹಿಡಿಯುತ್ತವೆ. ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆ ಕೊಟ್ಟು ಕೈಸುಟ್ಟುಕೊಂಡವರ ಕಥೆಗಳು ಆ ತಲೆಮಾರಿಗೆ ಇನ್ನೂ ನೆನಪಿವೆ. ದೊಡ್ಡ ಅಡ್ವಾನ್ಸ್ ಆ ಭಯಕ್ಕೆ ಕಟ್ಟಿಕೊಂಡ ತಾಯಿತ. ಹಾಗಾಗಿ ಮನೆ ಬೇಗ ಬಿಡಿಸುವ ವ್ಯವಸ್ಥೆ ಕೊಡದೆ ಅಡ್ವಾನ್ಸ್ ಮಾತ್ರ ಇಳಿಸಿ ಎಂದರೆ ಮಾಲೀಕರು ಒಪ್ಪುವುದಿಲ್ಲ, ಒಪ್ಪಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಮಾದರಿ ಕಾಯ್ದೆ ಇದನ್ನು ಗುರುತಿಸಿದೆ. ಅವಧಿ ಮುಗಿದ ಮೇಲೂ ಬಿಡದವರು ಮೊದಲ ಎರಡು ತಿಂಗಳು ಬಾಡಿಗೆಯ ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಕಟ್ಟಬೇಕೆಂಬ ನಿಯಮ ಅದರಲ್ಲಿದೆ. ವಾಟ್ಸ್‌ಆ್ಯಪ್ ಸುದ್ದಿಗಳಲ್ಲಿ ಈ ಭಾಗ ಅಷ್ಟಾಗಿ ಓಡಾಡಲಿಲ್ಲ ಎನ್ನುವುದು ಸ್ವಾರಸ್ಯ.

'ನೀವು ಯಾವ ಪೈಕಿ?'

ಮನೆ ಸಿಕ್ಕಮೇಲಿನ ಜಗಳ ಒಂದು ತೆರನಾದರೆ ಮನೆಯೇ ಸಿಗದಿರುವುದು ಇನ್ನೊಂದು. ಟು ಲೆಟ್ ಬೋರ್ಡಿಗೆ ಫೋನ್ ಮಾಡಿದರೆ ಬಾಡಿಗೆಯ ಮಾತಿಗೂ ಮುಂಚೆ 'ಫ್ಯಾಮಿಲಿನಾ, ಬ್ಯಾಚುಲರ್ಸಾ?', ಆಮೇಲೆ 'ವೆಜ್ಜಾ, ನಾನ್‌ವೆಜ್ಜಾ?', ಅದೂ ಸಾಲದಿದ್ದರೆ ಮೆಲ್ಲಗೆ 'ನೀವು ಯಾವ ಪೈಕಿ?'. ಕೊನೆಯ ಪ್ರಶ್ನೆಗೆ ದಲಿತ, ಮುಸ್ಲಿಂ ವಿದ್ಯಾರ್ಥಿಗಳ ಉತ್ತರ ಬಂದೊಡನೆ ಮನೆ ಆಗಲೇ ಬೇರೆಯವರಿಗೆ ಆಗಿಹೋಗಿರುತ್ತದೆ.

ಇದು ಕಾನೂನುಬಾಹಿರವಲ್ಲವೇ? ಸಂವಿಧಾನದ 15(2)ನೇ ವಿಧಿ ಜಾತಿ, ಧರ್ಮದ ಆಧಾರದ ಮೇಲೆ ಅಂಗಡಿ, ಹೋಟೆಲ್, ಮನರಂಜನೆಯ ತಾಣಗಳ ಪ್ರವೇಶ ತಡೆಯುವುದನ್ನು ನಿಷೇಧಿಸುತ್ತದೆ. ಖಾಸಗಿ ವಾಸದ ಮನೆಯ ಹೆಸರು ಅಲ್ಲಿಲ್ಲ. ಮಾದರಿ ಕಾಯ್ದೆಯೂ ಈ ಪ್ರಶ್ನೆಯನ್ನು ಮುಟ್ಟಲು ಹೋಗಿಲ್ಲ. ಪರಿಣಾಮವಾಗಿ, ಮನೆ ಸಿಗದವರು ಪಿಜಿಗೆ ಹೋಗುತ್ತಾರೆ. ಪಿಜಿಯಲ್ಲಿ ಕೇಳುವುದು ಆಧಾರ್ ಕಾರ್ಡು, ಹಣ ಎರಡೇ. ತಾರತಮ್ಯ ಕಡಿಮೆ ಇರುವ ಜಾಗದಲ್ಲಿ ಕಾನೂನಿನ ರಕ್ಷಣೆಯೂ ಕಡಿಮೆ.

ಹಾಸ್ಟೆಲ್ ಎಂಬ ಕಿರಿದಾದ ಬಾಗಿಲು

ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಲ್ಲಿ ಸೀಟು ಸಿಕ್ಕರೆ ಈ ತಾಪತ್ರಯವೇ ಇಲ್ಲ. ಆದರೆ ಸೀಟಿಗಿಂತ ಅರ್ಜಿ ಹೆಚ್ಚು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ; ಇಲ್ಲದಿದ್ದರೆ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ವಸತಿಯ ನೆರವು ಕೊಡುವ ವಿದ್ಯಾಸಿರಿ ಯೋಜನೆ ಹುಟ್ಟುತ್ತಿರಲಿಲ್ಲ. ಯೋಜನೆ ಶುರುವಾದಾಗ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಅಂಥ ಮೊತ್ತಕ್ಕೆ ಬೆಂಗಳೂರಿನ ಪಿಜಿಯಲ್ಲಿ ಒಂದು ವಾರದ ಊಟ ವಸತಿ ನಡೆದೀತು.

ಇದಕ್ಕೆ ಕ್ಯಾಲೆಂಡರಿನ ಕಾಟವೂ ಸೇರುತ್ತದೆ. ಸಿಇಟಿ ಸೀಟು ಹಂಚಿಕೆ ಸುತ್ತು ಸುತ್ತಾಗಿ ನಡೆಯುತ್ತದೆ. ಯಾವ ಊರಿನ ಯಾವ ಕಾಲೇಜು ಎಂಬುದು ಕೊನೆಯ ಸುತ್ತಿನವರೆಗೂ ಖಚಿತವಿಲ್ಲ. ಖಚಿತವಾದ ಕೆಲವೇ ದಿನಗಳಲ್ಲಿ ತರಗತಿ ಶುರು. ಸಾವಿರಾರು ಮಂದಿ ಒಂದೇ ವಾರದಲ್ಲಿ ಒಂದೇ ಕಾಲೇಜಿನ ಸುತ್ತ ಮಂಚ ಹುಡುಕುವಾಗ ಬೆಲೆ, ಷರತ್ತು ಎರಡನ್ನೂ ಹೇಳುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

70 ಚದರಡಿ, 135 ಲೀಟರ್

ಕೋರಮಂಗಲದ ಪಿಜಿಯೊಂದರಲ್ಲಿ 2024ರ ಜುಲೈನಲ್ಲಿ ಯುವತಿಯೊಬ್ಬರ ಕೊಲೆಯಾದ ಮೇಲೆ ಬಿಬಿಎಂಪಿ ಎಚ್ಚೆತ್ತಿತು. ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಬಿತ್ತು. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಾಗಿಲುಗಳಲ್ಲಿ ಸಿಸಿಟಿವಿ ಮತ್ತು 90 ದಿನದ ದೃಶ್ಯ ಸಂಗ್ರಹ, ದಿನವಿಡೀ ಕಾವಲು, ಅಡುಗೆಮನೆಗೆ ಆಹಾರ ಸುರಕ್ಷತಾ ಪರವಾನಗಿ, ಗೋಡೆಯ ಮೇಲೆ 1533 ಸಹಾಯವಾಣಿ.

ಓದಲು ಚೆನ್ನಾಗಿದೆ. ಲೆಕ್ಕಕ್ಕೆ ಇಳಿಸಿದರೆ ಬೇರೆ ಚಿತ್ರ. ಹತ್ತಡಿಗೆ ಹತ್ತಡಿ ಕೋಣೆ ಎಂದರೆ 100 ಚದರಡಿ. ನಿಯಮದಂತೆ ಅಲ್ಲಿ ಒಬ್ಬರು ಮಾತ್ರ ಇರಬಹುದು. ಮೂರು ಷೇರಿಂಗ್‌ಗೆ 210 ಚದರಡಿ ಬೇಕು, ಅಂದರೆ ಮಧ್ಯಮ ವರ್ಗದ ಮನೆಯ ದೊಡ್ಡ ಹಾಲಿನಷ್ಟು ಜಾಗ. ಹತ್ತಕ್ಕೆ ಹತ್ತರ ಕೋಣೆಯಲ್ಲಿ ಮೂರು ಮಂಚ ಹಾಕಿದವರ ಮೇಲೆ ನಿಯಮವನ್ನು ಕಟ್ಟುನಿಟ್ಟಾಗಿ ಹೇರಿದರೆ ಮೂರರಲ್ಲಿ ಎರಡು ಮಂಚ ಹೋಗುತ್ತವೆ. ಉಳಿದ ಒಂದರ ಬೆಲೆ ಏರುತ್ತದೆ. ಹೇರದಿದ್ದರೆ ನಿಯಮ ಕಾಗದದ ಮೇಲಿದ್ದು, ತಪಾಸಣೆಗೆ ಬಂದವರಿಗೆ ಮಾಮೂಲಿ ಕೇಳುವ ಇನ್ನೊಂದು ನೆಪವಾಗುತ್ತದೆ. ಪಿಜಿ ನಡೆಸುವವರ ಆಕ್ಷೇಪವೂ ಇದೇ, ಅವರಿಗೆ ಸ್ವಂತ ಹಿತಾಸಕ್ತಿ ಇದ್ದರೂ ವಾದ ಸುಳ್ಳಲ್ಲ. ಸುರಕ್ಷತೆಯ ಷರತ್ತನ್ನು ಇಂದೇ ಹೇರಿ, ಜಾಗದ ಷರತ್ತನ್ನು ಹೊಸ ಕಟ್ಟಡಗಳಿಂದ ಆರಂಭಿಸಿದ್ದರೆ ಎರಡೂ ಉಳಿಯುತ್ತಿದ್ದವು. ಜೊತೆಗೆ ಇದು ಬೆಂಗಳೂರಿಗೆ ಬರೆದ ಮಾರ್ಗಸೂಚಿ. ಧಾರವಾಡ, ದಾವಣಗೆರೆ, ಮಂಗಳೂರಿನ ವಿದ್ಯಾರ್ಥಿಗೆ ಅದರಲ್ಲಿ ಏನೂ ಇಲ್ಲ.

ಪಿಜಿಗೆ ಜಿಎಸ್‌ಟಿ ಇದೆಯೇ?

ಇದೂ ಗೊಂದಲದ ಗೂಡು. 2023ರಲ್ಲಿ, ಯಾವುದಕ್ಕೆ ಜಿಎಸ್‌ಟಿ ಬೀಳುತ್ತದೆ ಎಂದು ಕೇಳಿದವರಿಗೆ ಮೊದಲೇ ಹೇಳುವ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ ಪಿಜಿ, ಹಾಸ್ಟೆಲ್‌ಗಳು ವಾಸದ ಮನೆಗಳಲ್ಲ, ಶೇ 12 ತೆರಿಗೆ ಬೀಳುತ್ತದೆ ಎಂದಿತು. 8,000 ಕೊಡುವವರಿಗೆ 960 ರೂಪಾಯಿ ಹೆಚ್ಚುವರಿ. ಆದರೆ 2024ರ ಜೂನ್ 22ರ ಸಭೆಯಲ್ಲಿ ಜಿಎಸ್‌ಟಿ ಮಂಡಳಿ ವಿನಾಯಿತಿ ಪ್ರಕಟಿಸಿತು: ಒಬ್ಬರಿಗೆ ತಿಂಗಳಿಗೆ 20,000 ಮೀರದ, ಕನಿಷ್ಠ 90 ದಿನ ಸತತ ಇರುವ ವಾಸ್ತವ್ಯಕ್ಕೆ ತೆರಿಗೆ ಇಲ್ಲ. ಹಾಗಾಗಿ ವರ್ಷಪೂರ್ತಿ ಓದುವವರ ಬಿಲ್ಲಿನಲ್ಲಿ ಇಂದಿಗೂ ಜಿಎಸ್‌ಟಿ ಸೇರಿಸಿದ್ದರೆ, ಯಾವ ಆಧಾರದ ಮೇಲೆ ಎಂದು ಧಾರಾಳವಾಗಿ ಕೇಳಬಹುದು. ಎರಡು ತಿಂಗಳ ಇಂಟರ್ನ್‌ಶಿಪ್, ಕ್ರ್ಯಾಶ್ ಕೋರ್ಸಿಗೆ ಬಂದವರು ಮಾತ್ರ ಈ ವಿನಾಯಿತಿಯಿಂದ ಹೊರಗುಳಿಯುತ್ತಾರೆ.

ಇರುವುದರಲ್ಲೇ ಏನು ದಾರಿ

ವಿಚಿತ್ರವೆಂದರೆ ಮನೆಯ ಮೇಲೆ ಹಕ್ಕು ಕಡಿಮೆ ಇರುವ ಪಿಜಿಯವರಿಗೆ ಹಣ ವಾಪಸ್ ಪಡೆಯುವ ದಾರಿ ಸ್ವಲ್ಪ ಸಲೀಸು. ಪಿಜಿ ಕೊಡುವುದು ಬರೀ ಜಾಗವಲ್ಲ. ಊಟ, ಸ್ವಚ್ಛತೆ, ವೈಫೈ ಎಲ್ಲ ಸೇರಿ ಅದೊಂದು ಸೇವೆ. ಆದ್ದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಊರಲ್ಲಿ ಕೂತೇ ಸಲ್ಲಿಸಬಹುದು. ವಾಸವಿರುವ ಊರಿನ ಆಯೋಗದಲ್ಲೇ ದೂರು ಕೊಡಲೂ ಈ ಕಾಯ್ದೆ ಅವಕಾಶ ಕೊಟ್ಟಿದೆ. ಅದಕ್ಕೂ ಮೊದಲು 1915 ಸಹಾಯವಾಣಿಗೆ ಕರೆ ಮಾಡಿದರೆ ಕೆಲವು ಬಾರಿ ಅಲ್ಲೇ ಇತ್ಯರ್ಥವಾಗುತ್ತದೆ. ಬರೀ ಮನೆ ಬಾಡಿಗೆಗೆ ಪಡೆದವರಿಗೆ ಈ ದಾರಿ ಸಾಮಾನ್ಯವಾಗಿ ತೆರೆದಿಲ್ಲ. ಅವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೋರ್ಟಿಗೆ ಮುಂಚಿನ ರಾಜಿ ಸಂಧಾನ ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರ ನೆರವಿದೆ, ಸಹಾಯವಾಣಿ 15100.

ಆರು ತಿಂಗಳ ಮೊದಲೇ ಬಿಟ್ಟರೆ ಅಡ್ವಾನ್ಸ್ ಪೂರ್ತಿ ಹೋಯಿತು ಎಂಬ ಲಾಕ್-ಇನ್ ಷರತ್ತೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಮಾತ್ರ. ಸಿಗುವುದು ನ್ಯಾಯವಾದ ಪರಿಹಾರ. ಬಿಟ್ಟ ಮಂಚಕ್ಕೆ ಮರುದಿನವೇ ಬೇರೊಬ್ಬರು ಬಂದಿದ್ದರೆ ನಷ್ಟ ಎಲ್ಲಿ ಎಂದು ಕೇಳಲು ಇದೇ ಆಧಾರ.

ಇವೆಲ್ಲಕ್ಕೂ ಸಾಕ್ಷಿ ಬೇಕು. ಒಳಗೆ ಬಂದ ದಿನ ಗೋಡೆ, ನಲ್ಲಿ, ಸ್ವಿಚ್ ಬೋರ್ಡಿನ ವಿಡಿಯೊ ಮಾಡಿ ಓನರ್‌ಗೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಟ್ಟರೆ ತಾರೀಖು ತಾನಾಗಿ ದಾಖಲಾಗುತ್ತದೆ. ನಗದು ಕೊಟ್ಟರೆ ರಸೀದಿ. ಪಿಜಿಯಾದರೆ ನಡೆಸುವವರ ಪೂರ್ತಿ ಹೆಸರು, ಕಟ್ಟಡದ ಯಜಮಾನರು ಯಾರು ಎಂಬುದು ಮೊದಲೇ ಗೊತ್ತಿರಬೇಕು.

ಕಾನೂನು ಬಂದರೂ ಪಿಜಿ ಒಳಗೋ ಹೊರಗೋ

ಒಂದಲ್ಲ ಒಂದು ದಿನ ಕರ್ನಾಟಕವೂ ಮಾದರಿ ಕಾಯ್ದೆಯ ಹಾದಿ ಹಿಡಿಯಬಹುದು. ಆಗ ಎಲ್ಲರ ಕಣ್ಣು ಅಡ್ವಾನ್ಸಿನ ಕಲಂ ಮೇಲಿರುತ್ತದೆ. ವಿದ್ಯಾರ್ಥಿಗಳು ಮೊದಲು ಓದಬೇಕಾದ್ದು ಅದಕ್ಕೂ ಹಿಂದಿರುವ ಪುಟ, ಕಾಯ್ದೆ ಯಾವುದಕ್ಕೆ ಅನ್ವಯಿಸುವುದಿಲ್ಲ ಎಂದು ಹೇಳುವ ಭಾಗ. ಕೇಂದ್ರದ ಮಾದರಿಯಲ್ಲಿ ಹೋಟೆಲ್, ವಸತಿಗೃಹ, ಧರ್ಮಶಾಲೆ, ಛತ್ರಗಳನ್ನು ಹೊರಗಿಟ್ಟಿದ್ದಾರೆ. ಪಿಜಿ ಆ ವಸತಿಗೃಹದ ಪಟ್ಟಿಗೆ ಸೇರುತ್ತದೆಯೋ ಇಲ್ಲವೋ ಎಂದು ಸ್ಪಷ್ಟವಾಗಿ ಬರೆಯದಿದ್ದರೆ, ಎರಡು ತಿಂಗಳ ಮಿತಿ ಬಂದರೂ ಮೂರು ಷೇರಿಂಗ್ ಕೋಣೆಯೊಳಗೆ ಅದು ಕಾಲಿಡದೆ ಹೋಗಬಹುದು.

ಪಿಜಿ ಎಂದರೆ ಏನು ಎಂಬ ಪ್ರಶ್ನೆಗೆ ಒಂದು ಉತ್ತರ ಈಗಾಗಲೇ ಇದೆ, ಅದು ತೆರಿಗೆಯ ಕಡೆಯಿಂದ ಬಂದದ್ದು. ವಿದ್ಯಾರ್ಥಿಗಳು, ಉದ್ಯೋಗಸ್ಥರು ಉಳಿಯಲೆಂದು ಹಾಸ್ಟೆಲ್ ನಡೆಸುವ ಕಂಪನಿಗೆ ಬಾಡಿಗೆಗೆ ಕೊಟ್ಟ ಬೆಂಗಳೂರಿನ ಕಟ್ಟಡ ವಾಸದ ಮನೆಯೇ, ಆ ಬಾಡಿಗೆಗೆ ಜಿಎಸ್‌ಟಿ ಇಲ್ಲ ಎಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಹೀಗೆ ತೆರಿಗೆ ಅಧಿಕಾರಿಯ ಮುಂದೆ ಅದು ಮನೆ. ಅಲ್ಲಿರುವವರು 15 ದಿನದ ನೋಟಿಸ್ ಕೇಳಿದಾಗ ಮಾತ್ರ ಅದು ಮನೆಯಲ್ಲ, ಲಾಡ್ಜು.